ಕಾಸರಗೋಡಿಂದ ಸೆಮಿನರಿಗೆ ಹೊರಟವರಿಗೆ: ಫಸ್ಟ್ ಸೆಮಿಸ್ಟರ್ ಹೇಗೆ ಹಿಡಿಯೋದು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ಈ ವರ್ಷ ಬಿ.ಡಿ.ಗೆ, ಅಂದ್ರೆ ಸಭಾಪಾಲಕರಾಗಲಿಕ್ಕೆ ಓದೋ ದೇವಶಾಸ್ತ್ರದ ಡಿಗ್ರಿಗೆ, ಸೇರೋರಿಗೆ ಇದು. ನಮಗೆ ಹತ್ರ ಅಂದ್ರೆ ಮಂಗಳೂರು ಬಲ್ಮಠದ ಕೆಟಿಸಿ (ಕರ್ನಾಟಕ ಥಿಯಾಲಾಜಿಕಲ್ ಕಾಲೇಜು), ಬೆಂಗಳೂರಿಗೆ ಹೋಗೋದಾದ್ರೆ ಯುಟಿಸಿ (ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು), ಎರಡೂ ಡಿಗ್ರಿ ಕೊಡೋ ಸೆರಾಂಪುರ ಸೆನೆಟಿನ ಕೆಳಗೇ ಬರೋದ್ರಿಂದ ಎಲ್ಲಿಗೆ ಹೋದ್ರೂ ಈ ಮಾತುಗಳು ಹೆಚ್ಚುಕಮ್ಮಿ ಅನ್ವಯ ಆಗ್ತವೆ.

ಕಾಗದಪತ್ರದ ವಿಷಯ ಬೇಗ ಮುಗಿಸ್ತೇನೆ. ಸಭಾಪಾಲಕರ ಪತ್ರ, ದೀಕ್ಷಾಸ್ನಾನದ ಸರ್ಟಿಫಿಕೇಟ್, ಸಭೆಯ ಕಡೆಯಿಂದ ಹೋಗೋದಾದ್ರೆ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ್ಯ) ಶಿಫಾರಸು, ಇಷ್ಟು ಮೊದಲೇ ಕೈಯಲ್ಲಿರಲಿ. ಟಿಸಿ ತಗೊಳ್ಳುವಾಗಲೇ ಮೈಗ್ರೇಶನ್ ಸರ್ಟಿಫಿಕೇಟಿಗೂ ಅರ್ಜಿ ಹಾಕಿಬಿಡಿ, ಕೇರಳದಲ್ಲಿ ಓದಿ ತಲಪಾಡಿ ದಾಟಿ ಹೋಗೋರು ನಾವು, ಆಮೇಲೆ ಅದೊಂದಕ್ಕೋಸ್ಕರ ಓಡಾಡೋದು ಬೇಡ.

ಹೋಗೋ ಮೊದಲು ಒಂದು ಕೆಲಸ ಮಾಡಿ, ಮಾರ್ಕನ ಸುವಾರ್ತೆಯನ್ನ ಕನ್ನಡದಲ್ಲೇ ಒಂದೇ ಸಲ ಕೂತು ಓದಿ. 16 ಅಧ್ಯಾಯ ಅಷ್ಟೇ, ಒಂದೂವರೆ ಗಂಟೆ ಸಾಕು. ಭಾನುವಾರ ತುಂಡುತುಂಡಾಗಿ ಕೇಳಿದ್ದು ಇಡೀ ಕತೆಯಾಗಿ ಓದಿದ್ರೆ ಬೇರೆ ಥರ ಕಾಣ್ತದೆ, ಮತ್ತೆ ಕ್ಲಾಸಲ್ಲಿ ಮತ್ತಾಯ, ಲೂಕರ ಜೊತೆ ಹೋಲಿಸುವಾಗ ನಿಮಗೆ ಸುಲಭ ಆಗ್ತದೆ.

ಇನ್ನು ಹೊಸಬರು ಹೆಚ್ಚು ಅಲುಗಾಡೋ ಜಾಗ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 1ನೇ ಅಧ್ಯಾಯದಲ್ಲಿ ಪ್ರಾಣಿಗಳು ಮೊದಲು ಮನುಷ್ಯ ಕೊನೆಗೆ, 2ನೇ ಅಧ್ಯಾಯದಲ್ಲಿ ಮನುಷ್ಯ ಮೊದಲು ಆಮೇಲೆ ಪ್ರಾಣಿಗಳು, ಇದ್ಯಾಕೆ ಹೀಗೆ ಅಂತ ಮೇಷ್ಟ್ರು ಕೇಳ್ತಾರೆ. ಮಾರ್ಕನ ತುಂಬ ಹಳೇ ಎರಡು ಹಸ್ತಪ್ರತಿಗಳು 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ತವೆ, ಆಮೇಲಿನ ವಚನಗಳು ಅವುಗಳಲ್ಲಿಲ್ಲ ಅಂತ ಹೇಳ್ತಾರೆ. ಸಂಡೇ ಸ್ಕೂಲಲ್ಲಿ ಯಾರೂ ಹೇಳಿರೋದಿಲ್ಲ ನೋಡಿ, ಎದೆ ಧಸಕ್ಕಂತದೆ. ದಯವಿಟ್ಟು ಅದನ್ನ ಮನಸ್ಸಲ್ಲೇ ಮುಚ್ಚಿಟ್ಟು ಪರೀಕ್ಷೆಗೆ ಮಾತ್ರ ಬರೆದು ಬರಬೇಡಿ, ಕ್ಲಾಸ್ ಮುಗಿದ ಮೇಲೆ ಹೋಗಿ ಮೇಷ್ಟ್ರನ್ನೇ ಕೇಳಿ, ಅವರೂ ಒಂದು ಕಾಲದಲ್ಲಿ ಅದೇ ಬೆಂಚಲ್ಲಿ ಕೂತವರು, ಮತ್ತೆ ಅವರಲ್ಲಿ ಹೆಚ್ಚಿನವರು ಭಾನುವಾರ ಪ್ರಸಂಗ ಮಾಡೋರೇ. ಬೆಳಿಗ್ಗೆ ಚಾಪೆಲ್ ತಪ್ಪಿಸಬೇಡಿ. ಕ್ಲಾಸಲ್ಲಿ ಬಿಡಿಸಿ ನೋಡಿದ ಕೀರ್ತನೆಯನ್ನೇ ಅಲ್ಲಿ ಹಾಡಿ ಪ್ರಾರ್ಥಿಸಲಿಕ್ಕೆ ಆಗ್ತದೆ, ಎರಡೂ ಒಟ್ಟಿಗೆ ಹೋಗ್ಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್ ಕಲೀಬೇಕು ಅಂದ ಕೂಡ್ಲೇ ಕನ್ನಡ ಮೀಡಿಯಂ ಮಕ್ಕಳು ಹೆದರ್ತಾರೆ, ಆದ್ರೆ ಅಲ್ಲಿ ನಮಗೇ ಲಾಭ ಮಾರಾಯ್ರೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದೀರಲ್ಲ, ಅದೇ ಇಲ್ಲೂ ಉಂಟು. ಲೋಗೋಸ್ ಅಂದ್ರೆ ವಾಕ್ಯವು, ಲೋಗೋನ್ ಅಂದ್ರೆ ವಾಕ್ಯವನ್ನು, ಲೋಗೂ ಅಂದ್ರೆ ವಾಕ್ಯದ. ಇಂಗ್ಲಿಷಲ್ಲೇ ಬೆಳೆದೋರಿಗೆ ಇದು ತಲೆಗೆ ಹತ್ತಲಿಕ್ಕೆ ಟೈಮ್ ಬೇಕು, ನಾವು ದಿನಾ ಮಾತಾಡೋದೇ ಹಾಗೆ. ಹಳೇ ಒಡಂಬಡಿಕೆಯ ಭಾಷೆ ಹೀಬ್ರೂ ತಗೊಂಡ್ರೆ 22 ಅಕ್ಷರ, ಬಲದಿಂದ ಎಡಕ್ಕೆ ಬರೀಬೇಕು. ಯಾವುದಾದ್ರೂ ದಿನಾ ಅರ್ಧ ಗಂಟೆ ಕೊಡಿ, ಪರೀಕ್ಷೆ ಹಿಂದಿನ ವಾರ ಕೂತ್ರೆ ಆಗೋದಲ್ಲ.

ಇಂಗ್ಲಿಷ್ ಪುಸ್ತಕ ಓದುವಾಗ ಒಂದು ಪುಟ ಆದ್ಮೇಲೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ನಾಲ್ಕು ಸಾಲು ಬರೀರಿ. ಬರೀಲಿಕ್ಕೆ ಬರಲಿಲ್ಲ ಅಂದ್ರೆ ಅರ್ಥ ಆಗಿಲ್ಲ, ಇನ್ನೊಂದು ಸಲ ಓದಿ. ನಾಳೆ ಊರಿನ ಸಭೆಯಲ್ಲಿ ಅಜ್ಜಿಯರ ಮುಂದೆ ಹೇಳ್ಬೇಕಾದ್ದು ಆ ನಾಲ್ಕು ಸಾಲೇ. ಬಲ್ಮಠಕ್ಕೆ ಹೋಗೋರು ಅಲ್ಲಿನ ಆರ್ಕೈವ್ಸನ್ನೂ ಬಿಡಬೇಡಿ, 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹಳೇ ಕಾಗದಗಳು ಅಲ್ಲುಂಟು.

ಮನೆ ಹತ್ರ ಅಂತ ಪ್ರತಿ ಶನಿವಾರ ರೈಲು ಹತ್ತೋದು ಶುರುಮಾಡ್ಬೇಡಿ. ಭಾನುವಾರ ಯಾವುದಾದ್ರೂ ಸಭೆಗೆ ಕಳಿಸ್ತಾರೆ, ಅಲ್ಲಿ ಆರಾಧನೆ ಮುಗಿದ ಮೇಲೆ ಜನರ ಜೊತೆ ಮಾತಾಡ್ಕೊಂಡು ಕೂರೋದೇ ದೊಡ್ಡ ಪಾಠ. ತುಳು ಬಂದ್ರೆ ತುಳುವಲ್ಲೇ ಮಾತಾಡಿ, ಜನ ಮನೆ ಕಷ್ಟ ಹೇಳಿಕೊಳ್ಳೋದು ಆಗಲೇ.