ತೊಗರಿ ಹೊಲ, ಕೇಳದೇ ಬಿಟ್ಟ ಪ್ರಶ್ನೆ

ಕಲಬುರಗಿ ಕೋರ್ಟಿನಲ್ಲಿ ಆರೋಪಿಗಳ ಪರ ಕೇಸು ನಡೆಸುತ್ತಾ ಇಪ್ಪತ್ತು ವರ್ಷ ದಾಟಿತು. ಹೊಸದಾಗಿ ಕರಿಕೋಟು ಹಾಕಿಕೊಂಡ ಹುಡುಗರು ಬಂದು, ಕ್ರಿಮಿನಲ್ ಸೈಡಿನಲ್ಲಿ ಹೆಸರು ಮಾಡೋಕೆ ಏನು ಬೇಕು ಅಂತ ಕೇಳುತ್ತಾರೆ. ಜೋರು ಮಾತು ಬೇಕು ಅಂತ ಅವರ ಲೆಕ್ಕ. ನನ್ನ ಲೆಕ್ಕವೂ ಒಂದು ಕಾಲಕ್ಕೆ ಅದೇ ಆಗಿತ್ತು.

ವಕೀಲಿಯ ಮೂರನೇ ವರ್ಷ, ಒಂದು ಹೊಡೆದಾಟದ ಕೇಸು. ಪಾಟೀಸವಾಲಿನಲ್ಲಿ ಸಾಕ್ಷಿ, ಜಗಳ ಶುರುವಾದಾಗ ತಾನು ಮನೆಯೊಳಗೆ ಊಟಕ್ಕೆ ಕೂತಿದ್ದೆ ಅಂತ ಒಪ್ಪಿಕೊಂಡ. ನಾನು ಅಲ್ಲಿಗೇ ಕೂತುಬಿಡಬೇಕಿತ್ತು. "ಹಾಗಾದ್ರೆ ಇವನೇ ಹೊಡೆದ ಅಂತ ಹೇಗೆ ಹೇಳ್ತೀರಿ?" ಅಂದೆ. "ಚೀರಾಟ ಕೇಳಿ ಹೊರಗ ಬಂದೆನ್ರಿ. ಬಡಿಗಿ ಇವನ ಕೈಯಾಗೇ ಇತ್ತು" ಅಂದ. ಜಡ್ಜ್ ಸಾಹೇಬರು ಅದನ್ನು ಬರೆಸಿದರು. ಸರ್ಕಾರಿ ವಕೀಲರು ಕೇಳದೇ ಬಿಟ್ಟಿದ್ದನ್ನು ನಾನು ಕೇಳಿ ದಾಖಲೆಗೆ ತಂದಿದ್ದೆ. ನನ್ನ ಕಕ್ಷಿದಾರನಿಗೆ ಶಿಕ್ಷೆ ಆಯಿತು. ಆ ದಿನ ಅವನ ಹೆಂಡತಿಯ ಮುಖ ನೋಡೋಕೆ ನನಗೆ ಆಗಲಿಲ್ಲ.

ಆಮೇಲೆ ಮಾತು ಕಡಿಮೆ ಮಾಡಿ ಕಾಗದ ಓದೋದು ಜಾಸ್ತಿ ಮಾಡಿದೆ. ಈಗ ಚಾರ್ಜ್‌ಶೀಟ್ ಕೈಗೆ ಬಂದರೆ ಮೊದಲು ನೋಡೋದು ಎಫ್‌ಐಆರ್ ಮೇಲೆ ಮ್ಯಾಜಿಸ್ಟ್ರೇಟರು ಬರೆದ ತಾರೀಖು ಮತ್ತು ಹೊತ್ತು. ಠಾಣೆಯಲ್ಲಿ ರಾತ್ರಿಯೇ ದಾಖಲಾಗಿದ್ದು ಕೋರ್ಟಿಗೆ ಮರುದಿನ ಸಂಜೆ ತಲುಪಿದ್ದರೆ, ನಡುವೆ ಯಾರ ಹೆಸರು ಸೇರಿತು ಅಂತ ಕೇಳಬೇಕು. ಪಂಚನಾಮೆಗಳನ್ನು, ಅಂದರೆ ಪಂಚರೆಂಬ ಸಾಕ್ಷಿಗಳ ಮುಂದೆ ಪೊಲೀಸರು ಬರೆಯೋ ವರದಿಗಳನ್ನು, ಪಕ್ಕಪಕ್ಕ ಇಟ್ಟು ಓದುತ್ತೇನೆ. ಎರಡು ಊರಲ್ಲಿ ಒಂದೇ ಹೊತ್ತಿಗೆ ಪಂಚನಾಮೆ ಆಗಿರುತ್ತದೆ, ಪಂಚರು ಮಾತ್ರ ಅವರೇ! ಸಾಕ್ಷಿ ಪೊಲೀಸರ ಮುಂದೆ ಹೇಳದ ದೊಡ್ಡ ವಿಷಯವನ್ನು ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ, ಆಗ ಹೇಳಿರಲಿಲ್ಲ ಅನ್ನೋದನ್ನು ತನಿಖಾಧಿಕಾರಿಯ ಬಾಯಿಂದಲೂ ದಾಖಲು ಮಾಡಿಸಬೇಕು. ಇದನ್ನು ಮರೆತವರು ವಾದದ ದಿನ ಪರದಾಡುತ್ತಾರೆ.

ದಿನ ಎಣಿಸೋದೂ ಇದೇ ಕೆಲಸದ ಭಾಗ. ಕೊಲೆಯಂಥ ಅಪರಾಧಕ್ಕೆ 90 ದಿನ, ಸಣ್ಣದಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಿರಬೇಕು. ರಿಮಾಂಡ್ ಆದ, ಅಂದರೆ ಕೋರ್ಟು ಆರೋಪಿಯನ್ನು ಮೊದಲು ಕಸ್ಟಡಿಗೆ ಕಳಿಸಿದ ದಿನವನ್ನೂ ಸೇರಿಸಿಯೇ ಎಣಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಿಎನ್‌ಎಸ್‌ಎಸ್ ಬಂದು, ಹಳೆ ಸಿಆರ್‌ಪಿಸಿಯಲ್ಲಿ ಈ ನಿಯಮ ಇದ್ದ 167ನೇ ಕಲಂ ಈಗ 187 ಆಗಿದೆ. ಎಣಿಕೆ ಮಾತ್ರ ಹಾಗೇ ಇದೆ.

"ಕೊಲೆ ಮಾಡಿದವನ ಪರ ಹೆಂಗ ನಿಲ್ತೀರಿ?" ಅಂತ ನೆಂಟರು ಕೇಳುತ್ತಾರೆ. ಮಾಡಿದನೋ ಇಲ್ಲವೋ ಅಂತ ತೀರ್ಮಾನ ಆಗೋ ಮೊದಲೇ ನಾನು ಕೈಬಿಟ್ಟರೆ ಅವನ ಪರ ಮಾತಾಡೋರು ಯಾರು? ಸಂವಿಧಾನದ 22ನೇ ವಿಧಿ ಬಂಧಿತನಿಗೆ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿರೋದು ಇದಕ್ಕೇ ಅಲ್ವಾ?

ಜೇವರ್ಗಿ ಕಡೆಯ ಒಂದು ಕೊಲೆ ಕೇಸು ಹೇಳಬೇಕು. ಘಟನೆ ನವೆಂಬರಿನದು. ಬಂಡಿ ದಾರಿಯಲ್ಲಿ ನಿಂತು, ಹೊಲದ ನಡುವೆ ಕೊಡಲಿ ಏಟು ಬಿದ್ದಿದ್ದನ್ನು ನೋಡಿದೆ ಅಂತ ಒಬ್ಬನ ಸಾಕ್ಷಿ. ನಾನು ಜಾಗ ನೋಡೋಕೆ ಹೋಗಿದ್ದು ಮೇ ತಿಂಗಳಲ್ಲಿ. ಕಾದ ಕರಿಮಣ್ಣು ಬಿರುಕು ಬಿಟ್ಟಿತ್ತು. ಬಂಡಿ ದಾರಿಯಲ್ಲಿ ನಿಂತರೆ ಆಚೆಯ ಬೇವಿನ ಮರದವರೆಗೂ ಎಲ್ಲಾ ಬಯಲು. ಸಾಕ್ಷಿ ಹೇಳಿದ್ದು ನಿಜವೇ ಇರಬೇಕು ಅನ್ನಿಸಿ ಕೈಕಾಲು ಸೋತವು. ಆರೋಪಿಯ ತಾಯಿ ಸೆರಗು ತಲೆಗೆ ಹೊದ್ದು ನನ್ನ ಜೊತೆ ಬಂದಿದ್ದರು. "ಅಲ್ರೀ ಸಾಹೇಬ್ರ, ಆವಾಗ ಇಲ್ಲಿ ತೊಗರಿ ಇತ್ರಿ. ಒಳಗ ಹೊಕ್ಕವ್ರು ಕಾಣಂಗಿಲ್ರಿ" ಅಂದರು.

ರಾತ್ರಿ ಮನೆಗೆ ಬಂದು ಫೈಲ್ ತೆಗೆದೆ. ಪೊಲೀಸರದೇ ಸ್ಥಳ ಪಂಚನಾಮೆ. ಎರಡನೇ ಪುಟದಲ್ಲಿ, "ಸುತ್ತಲೂ ತೊಗರಿ ಬೆಳೆ ನಿಂತಿದೆ" ಅಂತ ಒಂದು ಸಾಲು. ಮೂರು ಸಲ ಓದಿದ್ದೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಹೊಲ ನೋಡದೇ ಹೋಗಿದ್ದರೆ ಆ ಸಾಲು ಅಲ್ಲೇ ಸತ್ತುಬಿಡುತ್ತಿತ್ತು.

ಪಾಟೀಸವಾಲಿನ ದಿನ ನಾನು ದನಿ ಏರಿಸಲಿಲ್ಲ. ಸಾಕ್ಷಿಯೂ ರೈತ, ರೈತನಿಗೆ ಗೊತ್ತಿರೋದನ್ನೇ ಕೇಳಿದೆ.

"ಆ ವರ್ಷ ಆ ಹೊಲಕ್ಕೆ ಏನು ಬಿತ್ತಿದ್ರು?"

"ತೊಗರಿ."

"ರಾಶಿ ಯಾವಾಗ ಆಯ್ತು?"

"ಸಂಕ್ರಾಂತಿ ಆಸುಪಾಸು."

"ನವೆಂಬರಿನಲ್ಲಿ ಬೆಳೆ ಎಷ್ಟು ಎತ್ತರ ಇತ್ತು?"

"ಆ ಸಲ ಮಳಿ ಚೊಲೋ ಆಗಿತ್ರಿ. ಆಳೆತ್ತರ ಇತ್ತು."

ಹಾಗಾದ್ರೆ ನಿನಗೆ ಹೇಗೆ ಕಾಣಿಸ್ತು ಅನ್ನೋ ಪ್ರಶ್ನೆ ಗಂಟಲವರೆಗೆ ಬಂತು. ಮೂರನೇ ವರ್ಷದ ಆ ಬಡಿಗಿ ನೆನಪಾಯಿತು. "ಇಷ್ಟೇ, ಸ್ವಾಮಿ" ಅಂದು ಕೂತೆ. ಸರ್ಕಾರಿ ವಕೀಲರು ಎದ್ದು ಕೇಳುತ್ತಾರೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಕೇಳಲಿಲ್ಲ. ಉತ್ತರಗಳನ್ನೂ ಪಂಚನಾಮೆಯ ಆ ಸಾಲನ್ನೂ ನಾನು ಪಕ್ಕಪಕ್ಕ ಇಟ್ಟಿದ್ದು ವಾದದ ದಿನವೇ. ಈ ಸಾಕ್ಷಿ ಘಟನೆ ನೋಡಿದ್ದು ನಂಬಲು ಬರುವುದಿಲ್ಲ ಅಂತ ತೀರ್ಪಿನಲ್ಲಿ ಬಂತು. ಹುಡುಗ ಬಿಡುಗಡೆಯಾದ. ತಾಯಿ ಆ ದಿನವೂ ಅದೇ ಸೆರಗು ಹೊದ್ದು ಕೋರ್ಟಿನ ಬಾಗಿಲ ಬಳಿ ನಿಂತಿದ್ದರು.