ಹಗ್ಗ ಬಿಗಿಯಬೇಡಿ, ಉದ್ದ ಬಿಡಿ: ತೂಫಾನಿಗೆ ಮುನ್ನ ಬೋಟು ಕಟ್ಟುವ ಬಗೆ

ತೂಫಾನು ಬರುತ್ತದೆ ಅಂದ ಕೂಡಲೇ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲಿಸುವ ಕಟ್ಟೆಯಲ್ಲಿ, ಹೆಚ್ಚಿನವರಿಗೆ ಮೊದಲು ಹೊಳೆಯುವ ಕೆಲಸ ಒಂದೇ. ಬೋಟನ್ನು ದಕ್ಕೆಗೆ ಒತ್ತಿ ತರುವುದು, ಹಗ್ಗ ಎಳೆಯುವುದು, ಇನ್ನೆರಡು ಸುತ್ತು ಜಾಸ್ತಿ ಸುತ್ತಿ ಗಂಟು ಹಾಕುವುದು. ನೋಡಲು ಭದ್ರವಾಗಿಯೇ ಕಾಣುತ್ತದೆ. ಆದರೆ ರಾತ್ರಿ ನೀರು ಎರಡು ಮೀಟರ್ ಮೇಲೆ ಬಂದರೆ? ಬೋಟು ಏಳಬೇಕು, ಹಗ್ಗ ಬಿಡುವುದಿಲ್ಲ. ಆಗ ಒಂದೋ ಹಗ್ಗ ಹರಿಯುತ್ತದೆ, ಇಲ್ಲವೇ ಕಟ್ಟಿದ ಕಂಬ ಕಿತ್ತು ಬರುತ್ತದೆ. ಎರಡೂ ಆಗದಿದ್ದರೆ ಇನ್ನೂ ಕಷ್ಟ. ಬೋಟು ಒಂದು ಬದಿಗೆ ವಾಲಿ ನೀರು ತುಂಬಿಕೊಳ್ಳುತ್ತದೆ.

ನೀರು ಹಾಗೆ ಏರುವುದಕ್ಕೆ ಎರಡು ಕಾರಣ. ತೂಫಾನಿನ ನಡುವೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಒತ್ತಡ 1 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿದರೆ ಸಮುದ್ರ ಸುಮಾರು 1 ಸೆಂ.ಮೀ. ಏರುತ್ತದೆ. ಅದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದ್ದು. ಅದು ಗಂಟೆಗಟ್ಟಲೆ ನೀರನ್ನು ದಡದತ್ತ ತಳ್ಳಿ ರಾಶಿ ಹಾಕುತ್ತದೆ. ನಮ್ಮಲ್ಲಿ ಮೂರನೆಯದೂ ಒಂದಿದೆ. ಮಂಗಳೂರಿನ ಹಳೆ ಬಂದರು, ಗಂಗೊಳ್ಳಿ, ತದಡಿ ಎಲ್ಲವೂ ಇರುವುದು ನದಿ ಸಮುದ್ರ ಸೇರುವ ಅಳಿವೆಯ ಬಳಿ. ಘಟ್ಟದ ಮಳೆನೀರು ಕೆಳಗೆ ಬರುತ್ತಿರುತ್ತದೆ, ಅಳಿವೆಯಲ್ಲಿ ಕಡಲು ಅಡ್ಡ ನಿಂತಿರುತ್ತದೆ. ನಡುವೆ ಸಿಕ್ಕಿದ್ದು ನಿಮ್ಮ ಬೋಟು.

ತೂಫಾನು ಕರ್ನಾಟಕದ ದಡಕ್ಕೇ ಬಂದು ಬಡಿಯಬೇಕು ಅಂತೇನಿಲ್ಲ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಗಿ, 17ರ ರಾತ್ರಿ ದಡ ಹತ್ತಿದ್ದು ಗುಜರಾತಿನಲ್ಲಿ. ದಾರಿಯಲ್ಲೇ ನಮಗೆ ಸಾಕುಸಾಕು ಮಾಡಿತು.

ಮೂರು ದಿನ ಮೊದಲು

ಹವಾಮಾನ ಇಲಾಖೆಯ ಮೊದಲ ಸೂಚನೆ ಸುಮಾರು 72 ಗಂಟೆ ಮುಂಚೆ ಬರುತ್ತದೆ. 48 ಗಂಟೆಗೆ ಹಳದಿ, 24 ಗಂಟೆಗೆ ಕಿತ್ತಳೆ. ಕಿತ್ತಳೆ ಬಂದ ಮೇಲೆ ಹಗ್ಗ ತರಲು ಅಂಗಡಿಗೆ ಹೋದರೆ ಇಡೀ ದಕ್ಕೆಯೇ ಅಲ್ಲಿರುತ್ತದೆ. ಹಾಗಾಗಿ ಹೊಸ ಹಗ್ಗ, ಹಳೆ ಟೈರು, ಬ್ಯಾಟರಿ ಚಾರ್ಜು ಎಲ್ಲ ಮೊದಲ ದಿನವೇ ಮುಗಿಯಲಿ.

ಉಬ್ಬರದ ಪಟ್ಟಿಯನ್ನೂ ನೋಡಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೇಗೂ ಜಾಸ್ತಿ. ತೂಫಾನಿನ ನೀರು ಅದರ ಮೇಲೆ ಸೇರುತ್ತದೆ.

ಬಂದರಿನಲ್ಲಿ ಏರಿಸುವ ಸಿಗ್ನಲ್ ನಂಬರು ಹೊಸಬರಿಗೆ ಗೊತ್ತಿರಲಿ. 1 ಮತ್ತು 2 ದೂರದ ಕಡಲಿನ ಮಾತು. 3, 4 ಬಂದರೆ ನಮ್ಮ ಬಂದರಿಗೇ ಎಚ್ಚರಿಕೆ. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. ನನ್ನ ಕೇಳಿದರೆ 3 ಏರುವ ಹೊತ್ತಿಗೆ ಕಟ್ಟುವ ಕೆಲಸ ಅರ್ಧ ಮುಗಿದಿರಬೇಕು.

ಬೋಟು ಹಗುರ ಮಾಡಿ

ಗಾಳಿಯ ವೇಗ ಎರಡು ಪಟ್ಟಾದರೆ ಬೋಟಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಗಾಳಿಗೆ ಸಿಗುವುದನ್ನೆಲ್ಲ ಇಳಿಸಿ. ಟಾರ್ಪಾಲು, ಮೇಲೆ ರಾಶಿ ಹಾಕಿದ ಬಲೆ, ಮೀನಿನ ಕ್ರೇಟು, ಡ್ರಮ್ಮು, ಬಿಚ್ಚಲು ಬರುವ ಲೈಟು. ಜಿಪಿಎಸ್, ವೈರ್‌ಲೆಸ್, ಬೋಟಿನ ಕಾಗದಪತ್ರ ಮನೆಗೆ ಹೋಗಲಿ.

ಆಮೇಲೆ ಡೆಕ್ಕಿನ ನೀರು ಹೊರಹೋಗುವ ತೂತುಗಳನ್ನು ನೋಡಿ. ಮೀನಿನ ಪೊರೆ, ಬಲೆಯ ಚೂರು ಸಿಕ್ಕಿ ಅರ್ಧ ಮುಚ್ಚಿರುತ್ತವೆ. ಬೋಟು ಮುಳುಗುವುದು ಅಲೆಯಿಂದಲೇ ಅಲ್ಲ. ಸುಮ್ನೆ ರಾತ್ರಿಯಿಡೀ ಸುರಿದ ಮಳೆಯಿಂದಲೂ ಮುಳುಗುತ್ತದೆ. ಅಡಿಯ ನೀರೆತ್ತುವ ಪಂಪನ್ನು ಒಂದು ಸಲ ಓಡಿಸಿ ನೋಡಿ. ದಕ್ಕೆಯ ಕರೆಂಟು ನಂಬಬೇಡಿ, ಮೊದಲು ಹೋಗುವುದೇ ಅದು.

ಹಗ್ಗದ ಲೆಕ್ಕ

ಇದೇ ಮುಖ್ಯ ಕೆಲಸ, ನಿಧಾನವಾಗಿ ಓದಿ. ಬೋಟಿನಲ್ಲಿ ಹಗ್ಗ ಕಟ್ಟಿದ ಜಾಗ ಮತ್ತು ದಕ್ಕೆಯ ಕಂಬ ಒಂದೇ ಎತ್ತರದಲ್ಲಿವೆ ಅಂದುಕೊಳ್ಳೋಣ. ಕಂಬ 1 ಮೀಟರ್ ದೂರದಲ್ಲಿದ್ದು ನೀರು 2 ಮೀಟರ್ ಏರಿದರೆ, ಹಗ್ಗ 2.24 ಮೀಟರ್ ಬೇಕು. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟು ಹಿಗ್ಗುವ ಹಗ್ಗ ಎಲ್ಲಿದೆ? ಅದೇ ಕಂಬ 10 ಮೀಟರ್ ದೂರದಲ್ಲಿದ್ದರೆ ಬೇಕಾದದ್ದು 10.2 ಮೀಟರ್. ಬರೀ 20 ಸೆಂ.ಮೀ. ಸಡಿಲ ಸಾಕು. ಶಾಲೆಯ ಕರ್ಣದ ಲೆಕ್ಕವೇ, ಬೇರೇನಲ್ಲ.

ಹಾಗಾಗಿ ಪಕ್ಕದ ಕಂಬ ಬಿಟ್ಟು ದೂರದ ಕಂಬ ಹಿಡಿಯಿರಿ. ಬೋಟಿನ ಮುಂಭಾಗದಿಂದ ಒಂದು ಹಗ್ಗ ಹಿಂದಿನ ಕಂಬಕ್ಕೆ, ಹಿಂಭಾಗದಿಂದ ಒಂದು ಮುಂದಿನ ಕಂಬಕ್ಕೆ ಅಡ್ಡಡ್ಡ ಹೋಗಲಿ. ಈ ಎರಡು ಉದ್ದದ ಹಗ್ಗಗಳು ಬೋಟನ್ನು ಹಿಂದೆ ಮುಂದೆ ಓಡಲು ಬಿಡುವುದಿಲ್ಲ, ಮೇಲೆ ಏಳಲು ಬಿಡುತ್ತವೆ. ಮುಂದೆ ಎರಡು, ಹಿಂದೆ ಎರಡು ಬೇರೆ ಇರಲಿ. ಎಲ್ಲವನ್ನೂ ಒಂದೇ ಕಂಬಕ್ಕೆ ಸುತ್ತಬೇಡಿ.

ನೈಲಾನ್ ಹಗ್ಗ ಹಿಗ್ಗುತ್ತದೆ, ಜರ್ಕು ತಡೆಯುತ್ತದೆ. ಬಿಸಿಲಿಗೆ ಬಣ್ಣ ಹೋಗಿ, ಮುಟ್ಟಿದರೆ ಪುಡಿ ಉದುರುವ ಹಳೆ ಪ್ಲಾಸ್ಟಿಕ್ ಹಗ್ಗವನ್ನು ಈ ಕೆಲಸಕ್ಕೆ ಬಳಸಬೇಡಿ. ಗಟ್ಟಿ ಹಗ್ಗವೂ ಹರಿಯುವುದು ಹೆಚ್ಚಾಗಿ ಅಂಚಿಗೆ ಉಜ್ಜಿ. ಕಬ್ಬಿಣಕ್ಕೋ ಕಾಂಕ್ರೀಟಿಗೋ ತಾಗುವ ಕಡೆ ದಪ್ಪ ಕ್ಯಾನ್ವಾಸು ಅಥವಾ ಹಳೆ ಫೈರ್ ಹೋಸ್ ಸುತ್ತಿ, ಎರಡೂ ತುದಿ ಕಟ್ಟಿ. ರಬ್ಬರ್ ಪೈಪಿಗಿಂತ ಬಟ್ಟೆ ಮೇಲು. ಎಳೆದಾಟಕ್ಕೆ ನೈಲಾನ್ ಒಳಗೊಳಗೇ ಬಿಸಿಯಾಗುತ್ತದೆ. ಬಟ್ಟೆಯಾದರೆ ಮಳೆನೀರು ಒಳಗಿಳಿದು ತಂಪಾಗಿಸುತ್ತದೆ.

ಗಾಳಿ ಒಂದೇ ದಿಕ್ಕಿನಿಂದ ಬೀಸುವುದಿಲ್ಲ ಅನ್ನುವುದೂ ನೆನಪಿರಲಿ. ತೂಫಾನು ನಮ್ಮ ಪಶ್ಚಿಮಕ್ಕೆ ಉತ್ತರದತ್ತ ಸಾಗುವಾಗ ಗಾಳಿ ಮೊದಲು ಆಗ್ನೇಯದಿಂದ, ಆಮೇಲೆ ದಕ್ಷಿಣದಿಂದ, ಕೊನೆಗೆ ನೈಋತ್ಯದಿಂದ ಬೀಸುತ್ತದೆ. ನೀರನ್ನು ದಡಕ್ಕೆ ಒತ್ತುವುದು ಆ ಕೊನೆಯದು. ಸಂಜೆ ಸುರಕ್ಷಿತವಾಗಿದ್ದ ಬದಿಯೇ ಬೆಳಗಿನ ಜಾವಕ್ಕೆ ಪೆಟ್ಟು ತಿನ್ನಬಹುದು.

ಅಕ್ಕಪಕ್ಕದವರ ಜೊತೆ

ಮಲ್ಪೆಯಂಥ ಕಡೆ ನಿಜವಾದ ಸಮಸ್ಯೆ ಜಾಗ. ಒಂದಕ್ಕೊಂದು ಕಟ್ಟಿದ ಐದಾರು ಬೋಟುಗಳ ಸಾಲಿನಲ್ಲಿ ದಕ್ಕೆ ಮುಟ್ಟುವುದು ಒಂದೇ ಬೋಟು. ಅದರ ಹಗ್ಗ ಹೋದರೆ ಇಡೀ ಸಾಲು ಹೋಯಿತು. ಇದನ್ನು ಒಬ್ಬರೇ ಸರಿಮಾಡಲು ಆಗದು. ಆ ಸಾಲಿನ ಬೋಟು ನಡೆಸುವ ತಾಂಡೇಲರೆಲ್ಲ ಕೂತು ಮಾತಾಡಬೇಕು. ಸಾಧ್ಯವಾದಷ್ಟು ಬೋಟುಗಳನ್ನು ನದಿಯ ಒಳಗೆ ಕಳಿಸಿ, ಸಾಲು ಚಿಕ್ಕದು ಮಾಡಿ. ಹೊರಗಿನ ಬೋಟುಗಳಿಂದಲೂ ನೇರ ದಕ್ಕೆಗೆ ಹಗ್ಗ ಬರಲಿ. ಬೋಟಿಗೆ ಬೋಟು ಬಡಿಯದಂತೆ ನಡುವೆ ಇಳಿಬಿಡುವ ಟೈರುಗಳನ್ನು ಎರಡೆರಡು ಕಡೆ ಕಟ್ಟಿ, ಇಲ್ಲದಿದ್ದರೆ ಬೋಟು ಕುಣಿಯುವಾಗ ಅವು ಮೇಲೆ ಹಾರಿ ಕೂರುತ್ತವೆ.

ನದಿಯಲ್ಲಿ ಲಂಗರು ಹಾಕುವವರಿಗೆ ಒಂದು ಲೆಕ್ಕ. ಆಳ 4 ಮೀಟರ್, ಬೋಟಿನ ಮುಂಭಾಗದ ಎತ್ತರ 2 ಮೀಟರ್, ಏರುವ ನೀರು 2 ಮೀಟರ್, ಒಟ್ಟು 8. ಅದರ ಏಳು ಪಟ್ಟು, ಅಂದರೆ 56 ಮೀಟರ್ ಹಗ್ಗ ಬಿಡಿ. ಏರುವ ನೀರನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಜಾಸ್ತಿ.

ನಾಡದೋಣಿಯವರು ಇಂಜಿನ್ ಬಿಚ್ಚಿ, ದೋಣಿಯನ್ನು ಆದಷ್ಟು ಮೇಲಕ್ಕೆ ಎಳೆದು ಕಟ್ಟಿ, ಸ್ವಲ್ಪ ನೀರು ತುಂಬಿಸಿಡಿ. ಭಾರಕ್ಕೆ ಗಾಳಿ ಮಗುಚದು. ಬೀಳುವಂತೆ ವಾಲಿದ ತೆಂಗಿನ ಮರದಡಿ ಮಾತ್ರ ಬೇಡ.

ಕಟ್ಟಿದ ಮೇಲೆ

ಇಳಿದು ಹೋಗಿ. ಬೋಟಿನಲ್ಲೇ ಮಲಗಿ ಕಾಯುತ್ತೇನೆ ಅನ್ನುವ ಕಲಾಸಿಯನ್ನೂ (ಬೋಟಿನ ಕೆಲಸಗಾರನನ್ನೂ) ಕರೆದುಕೊಂಡೇ ಹೋಗಿ. ತೌಕ್ತೆಯ ವೇಳೆ ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಕ್ಕಿದ ಟಗ್ಗಿನ 9 ಮಂದಿಯನ್ನು ಕರೆತರಲು ಕೋಸ್ಟ್ ಗಾರ್ಡ್ ಬೋಟೂ ನೌಕಾಪಡೆಯ ಹೆಲಿಕಾಪ್ಟರೂ ಬೇಕಾದವು. ಆ ಟಗ್ಗು, ಅಂದರೆ ಬೇರೆ ಹಡಗುಗಳನ್ನು ಎಳೆಯುವ ಹಡಗು, ನಮ್ಮ ಬೋಟಿಗಿಂತ ಎಷ್ಟೋ ದೊಡ್ಡದು. ಯಾರಾದರೂ ಕಡಲಲ್ಲಿ ಸಿಕ್ಕಿಕೊಂಡಿದ್ದು ಗೊತ್ತಾದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093.

ಗಾಳಿ ನಿಂತ ಕೂಡಲೇ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಪ್ರೊಪೆಲ್ಲರಿಗೆ ಯಾರದ್ದೋ ಹಗ್ಗ ಸುತ್ತಿರಬಹುದು. ವಿಮೆ ಇದ್ದರೆ ಬೋಟನ್ನು ಕದಲಿಸುವ ಮೊದಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಹಗ್ಗ ಬಿಚ್ಚುವಾಗ ಕೈಯಲ್ಲಿ ಸವರಿ ನೋಡಿ. ಎಳೆ ಎದ್ದಿದ್ದರೆ, ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದರ ಆಯಸ್ಸು ಮುಗಿಯಿತು. ಮನೆಯಲ್ಲಿ ಬಟ್ಟೆ ಒಣಗಿಸಲು ಬಳಸಿ.