ಒಂದೇ ದ್ರವನ ಬಿಂದುವಿನ ಎರಡು ಬಿಳಿ ಪುಡಿಗಳು

ಶುದ್ಧ ವಸ್ತು, ಮಿಶ್ರಣ ಮತ್ತು ಫಾರ್ಮುಲೇಷನ್ ಕುರಿತ ಪಾಠವನ್ನು ನಾನು ಹಲವು ವರ್ಷ ವ್ಯಾಖ್ಯೆಯಿಂದಲೇ ಆರಂಭಿಸುತ್ತಿದ್ದೆ. ಒಂದೇ ಧಾತು ಅಥವಾ ಒಂದೇ ಸಂಯುಕ್ತವಿದ್ದರೆ ಅದು ಶುದ್ಧ ವಸ್ತು ಎಂಬುದನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಲವಣಗಳು ಕರಗಿರುವ ಕುಡಿಯುವ ನೀರಿನ ಬಾಟಲಿಯನ್ನು ಮುಂದಿಟ್ಟರೆ, ಅದರಲ್ಲಿ ಕೊಳೆಯಿಲ್ಲವಾದ್ದರಿಂದ ಅದೂ ಶುದ್ಧ ವಸ್ತುವೇ ಎಂದು ಬರೆಯುತ್ತಿದ್ದರು. ಹಾಗಾಗಿ ಒಂದು ವರ್ಷ ವ್ಯಾಖ್ಯೆಯನ್ನು ಬದಿಗಿಟ್ಟು, ತೀರ್ಪನ್ನು ಥರ್ಮಾಮೀಟರಿಗೆ ಬಿಟ್ಟೆ. ಶುದ್ಧ ವಸ್ತುವನ್ನು ಕಾಯಿಸಿದರೆ ಅದು ಒಂದು ನಿಶ್ಚಿತ ತಾಪದಲ್ಲಿ ತಟ್ಟನೆ ಕರಗುತ್ತದೆ, ಮಿಶ್ರಣ ಸಾಮಾನ್ಯವಾಗಿ ಹಲವು ಡಿಗ್ರಿಗಳ ವ್ಯಾಪ್ತಿಯಲ್ಲಿ ನಿಧಾನವಾಗಿ ಕರಗುತ್ತದೆ.

ಪ್ರಯೋಗಕ್ಕೆ ಆರಿಸಿಕೊಂಡದ್ದು ಯೂರಿಯಾ ಮತ್ತು ಸಿನಾಮಿಕ್ ಆಮ್ಲ. ಎರಡೂ ಬಿಳಿ ಪುಡಿಗಳು, ಎರಡರ ದ್ರವನ ಬಿಂದುವೂ, ಅಂದರೆ ಘನವು ಕರಗಿ ದ್ರವವಾಗುವ ತಾಪವೂ, ಸುಮಾರು 133 ಡಿಗ್ರಿ ಸೆಲ್ಸಿಯಸ್. ಇವೆರಡನ್ನೂ ಸಮನಾಗಿ ಸೇರಿಸಿ ಅರೆದ ಪುಡಿ ಎಷ್ಟು ಡಿಗ್ರಿಗೆ ಕರಗೀತು ಎಂದು ಮೊದಲೇ ಬರೆದಿಡಲು ಹೇಳಿದಾಗ ಬಹುಪಾಲು ಮಕ್ಕಳು 133 ಎಂದೇ ಬರೆದರು. ಒಂದು ತುದಿ ಮುಚ್ಚಿದ, ತೀರ ಸಣ್ಣ ರಂಧ್ರದ ಗಾಜಿನ ಕ್ಯಾಪಿಲರಿ ನಳಿಕೆಯಲ್ಲಿ 2–3 ಮಿಲಿಮೀಟರ್ ಎತ್ತರಕ್ಕೆ ಪುಡಿ ತುಂಬಿ, ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಕೂರಿಸಿ, ಥರ್ಮಾಮೀಟರಿನ ಬಲ್ಬಿಗೆ ತಾಗುವಂತೆ ಕಟ್ಟಿ, ದ್ರವ ಪ್ಯಾರಾಫಿನ್‌ನಲ್ಲಿ ಇಳಿಬಿಟ್ಟು ಕಾಯಿಸಿದೆವು.

ಮೊದಲ ಸಲ ನಾನೇ ಕೆಡಿಸಿದೆ. ಪೀರಿಯಡ್ ಮುಗಿಯುತ್ತಿದೆಯೆಂಬ ಆತುರದಲ್ಲಿ ಉರಿ ಹೆಚ್ಚಿಸಿದ್ದರಿಂದ, ಬೆರಕೆಯಿಲ್ಲದ ಯೂರಿಯಾ ಕರಗಲು ಶುರುವಾದದ್ದಕ್ಕೂ ಪೂರ್ತಿ ಕರಗಿದ್ದಕ್ಕೂ ನಡುವೆ ಆರೇಳು ಡಿಗ್ರಿ ಅಂತರ ಕಾಣಿಸಿ, ಶುದ್ಧ ವಸ್ತುವೇ ಮಿಶ್ರಣದಂತೆ ತೋರಿತು. ಮರುದಿನ 120 ಡಿಗ್ರಿ ದಾಟಿದ ಮೇಲೆ ನಿಮಿಷಕ್ಕೆ ಒಂದೆರಡು ಡಿಗ್ರಿಯಷ್ಟೇ ಏರುವಂತೆ ಕಾಯಿಸಿದಾಗ ಎರಡು ಪುಡಿಗಳೂ 133ರ ಬಳಿ ತಟ್ಟನೆ ತಿಳಿಯಾದವು. ಬೆರಕೆಯ ಪುಡಿ ಮಾತ್ರ 110 ಡಿಗ್ರಿ ದಾಟುವ ಮೊದಲೇ ಅಂಚಿನಲ್ಲಿ ಒದ್ದೆಯಾದಂತೆ ಕಂಡು, ಕುಗ್ಗಿ, ಬಹಳ ಹೊತ್ತು ಅರೆಬರೆಯಾಗಿಯೇ ಉಳಿಯಿತು. ಕರಗಿದ ದ್ರವದಲ್ಲಿ ಅನ್ಯ ಕಣಗಳು ಬೆರೆತಿರುವುದರಿಂದ ಅದು ಮರಳಿ ಹರಳುಗಟ್ಟುವುದು ಕಷ್ಟವಾಗುತ್ತದೆ, ಆದ್ದರಿಂದಲೇ ಕಡಿಮೆ ತಾಪದಲ್ಲೂ ದ್ರವವಾಗಿ ಉಳಿಯುತ್ತದೆ ಎಂಬ ವಿವರಣೆಯನ್ನು ಆ ಒದ್ದೆ ಅಂಚನ್ನು ಕಣ್ಣಾರೆ ನೋಡಿದ ಮೇಲೆ ಹೇಳಿದ್ದು ಒಳ್ಳೆಯದಾಯಿತು.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಮೇಣವೂ ‘ಕರಗುತ್ತದೆ’, ನೀರಿನಲ್ಲಿ ಉಪ್ಪೂ ‘ಕರಗುತ್ತದೆ’. ಉತ್ತರ ಪತ್ರಿಕೆಗಳಲ್ಲಿ ಈ ಗೊಂದಲವನ್ನು ಕಂಡ ಮೇಲೆ, ‘ಕಾಯಿಸಿ ಕರಗಿತು’, ‘ನೀರಿನಲ್ಲಿ ಕರಗಿತು’ ಎಂದು ಬಿಡಿಸಿ ಬರೆಯುವುದನ್ನು ಕಡ್ಡಾಯ ಮಾಡಿದ್ದೇನೆ.

ಒಂದೇ ತಾಪದಲ್ಲಿ ಕರಗಿದ್ದೆಲ್ಲವೂ ಶುದ್ಧ ಎಂದು ಉತ್ಸಾಹದಲ್ಲಿ ಹೇಳಿಬಿಟ್ಟಿದ್ದು ನನ್ನ ಇನ್ನೊಂದು ತಪ್ಪು. 63 ಭಾಗ ತವರ, 37 ಭಾಗ ಸೀಸವಿರುವ ಬೆಸುಗೆ ಲೋಹವು ಮಿಶ್ರಣವಾಗಿದ್ದೂ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗುತ್ತದೆ. ಬಿಡಿಯಾಗಿ ತವರಕ್ಕೆ 232, ಸೀಸಕ್ಕೆ 327 ಡಿಗ್ರಿ ಬೇಕು. ಹೀಗಾಗಿ ನಿಧಾನವಾಗಿ ಕಾಯಿಸಿದಾಗಲೂ ತಾಪದ ವ್ಯಾಪ್ತಿ ಕಂಡರೆ ಅಶುದ್ಧವೆಂದು ಧೈರ್ಯವಾಗಿ ಹೇಳಬಹುದು, ಕಾಣದಿದ್ದರೆ ಶುದ್ಧವೆಂದು ಅಷ್ಟೇ ಧೈರ್ಯದಿಂದ ಹೇಳಲಾಗದು ಎಂದು ತಿದ್ದಿಕೊಂಡೆ.

ಫಾರ್ಮುಲೇಷನ್ ಪದವನ್ನು ‘ಸೂತ್ರೀಕರಣ’ ಎಂದು ಅನುವಾದಿಸಿದಾಗಲೆಲ್ಲ ಮಕ್ಕಳು ಅದನ್ನು ಅಣುಸೂತ್ರದೊಂದಿಗೆ ಬೆರೆಸಿಕೊಳ್ಳುತ್ತಿದ್ದರು. ಈಗ ‘ಉದ್ದೇಶವಿಟ್ಟುಕೊಂಡು ಅಳತೆಯಲ್ಲಿ ಬೆರೆಸಿದ ಮಿಶ್ರಣ’ ಎಂದೇ ಹೇಳುತ್ತೇನೆ. ಸಮುದ್ರದ ನೀರು ಮಿಶ್ರಣ ಮಾತ್ರ. ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ಫಾರ್ಮುಲೇಷನ್. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಂತೆ ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಇದನ್ನು ಹಲಗೆಯ ಮೇಲೆ ಬರೆದು, ಒಂದೊಂದೇ ಘಟಕವನ್ನು ಅಳಿಸುತ್ತ, ಇದಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂದು ಕೇಳುತ್ತೇನೆ. ಗ್ಲೂಕೋಸ್ ಅಳಿಸಿದಾಗ ‘ಸಿಹಿ ಹೋಗುತ್ತದೆ’ ಎಂಬ ಉತ್ತರವೇ ಮೊದಲು ಬರುತ್ತದೆ. ಸಣ್ಣ ಕರುಳಿನ ಜೀವಕೋಶಗಳು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುತ್ತವೆ, ನೀರು ಅವುಗಳ ಹಿಂದೆಯೇ ಸಾಗುತ್ತದೆ ಎಂದು ವಿವರಿಸಿದ ಮೇಲೆ, ಹಾಗಾದರೆ ಗ್ಲೂಕೋಸನ್ನು ಎರಡರಷ್ಟು ಹಾಕಬಾರದೇಕೆ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಅತಿ ಗಾಢವಾದ ದ್ರಾವಣ ಕರುಳಿನೊಳಕ್ಕೇ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ ಎಂಬ ಉತ್ತರದೊಂದಿಗೆ ಆ ಪೀರಿಯಡ್ ಮುಗಿಯಿತು.